ಗಂಜಿಯ ಸಾಲೂ ಅಡಿಗೆಯ ಪಾಠಶಾಲೆಯೂ

ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದನ್ನು ನಮ್ಮ ಶ್ರೋತೃಗಳಿಗೆ ಯಾರೂ ಹೊಸದಾಗಿ ಹೇಳಬೇಕಾದುದಿಲ್ಲ. ಛತ್ರಗಳಲ್ಲಿಯೂ ಮಠಗಳಲ್ಲಿಯೂ ಪಂಕ್ತಿಭೋಜನ ನಡೆಯುವುದನ್ನು ಕಂಡೇ ನಾವೆಲ್ಲರೂ ಬೆಳೆದಿದ್ದೇವೆ. ಆದರೆ ಇಂದು ಉಂಡವನು ನಾಳೆ ಮತ್ತೆ ಹಸಿಯುವನು. ನಾಳಿದ್ದು ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುವನು. ಬಡಿಸುವವನ ಪುಣ್ಯವು ದಿನೇ ದಿನೇ ಬೆಳೆಯುತ್ತಿರಬಹುದು. ಉಣ್ಣುವವನ ಪಾಡು ಮಾತ್ರ ಇದ್ದಲ್ಲಿಯೇ ಇರುತ್ತದೆ. ಹಾಗಾದರೆ ಅನ್ನದಾನದಿಂದ ಉದ್ಧಾರವಾಗುವವನು ಯಾರು, ನೀಡಿದವನೋ ಪಡೆದವನೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ದೂರದೇಶದ ಒಂದು ಅಡಿಗೆಮನೆಯನ್ನೂ ಅದನ್ನು ನಡೆಸಿದ ಜನರನ್ನೂ ನೋಡಿಬರೋಣ.

ಅದಕ್ಕೆ ಮೊದಲು ಹಳೆಯದೊಂದು ಸಂಗತಿಯನ್ನು ನೆನೆಯಬೇಕು. ಆಲೂಗಡ್ಡೆಯ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಮಹಾಕ್ಷಾಮ ಬಂದಾಗ, ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಹೆಸರಾಂತ ಬಾಣಸಿಗನಾದ ಅಲೆಕ್ಸಿಸ್ ಸೋಯರನು 1847ನೆಯ ಏಪ್ರಿಲಿನಲ್ಲಿ ಡಬ್ಲಿನ್ನಿಗೆ ಬಂದು ಮಾದರಿಯ ಗಂಜಿಕೇಂದ್ರವೊಂದನ್ನು ತೆರೆದನು. ಗಂಟೆ ಬಾರಿಸಿದೊಡನೆ ನೂರು ಜನ ಒಳಗೆ ಬರಬೇಕು. ಮೇಜಿಗೆ ಸರಪಳಿಯಿಂದ ಕಟ್ಟಿದ ಚಮಚೆಯಲ್ಲಿ ಸೂಪು ಕುಡಿಯಬೇಕು. ಕುಡಿದು ಬೇಗನೆ ಹೊರಗೆ ಹೋಗಬೇಕು. ದಿನವೂ ಸಾವಿರಾರು ಜನರ ಹೊಟ್ಟೆ ಅಲ್ಲಿ ಅಷ್ಟಿಷ್ಟು ತುಂಬಿತೆಂಬುದು ನಿಜ. ಆದರೆ ಆರಂಭದ ದಿನ, ಬಡವರು ಉಣ್ಣುವುದನ್ನು ನೋಡಲು ಊರಿನ ಶ್ರೀಮಂತರು ಹಣ ತೆತ್ತು ಬಂದಿದ್ದರೆಂಬುದೂ ನಿಜ. ಸೋಯರನು ನಿರ್ದಯನಲ್ಲ, ದಕ್ಷನಾದವನು. ಅವನ ಏರ್ಪಾಡಿನಲ್ಲಿದ್ದ ಕೊರತೆ ಒಂದೇ: ಸೌಟು ಹಿಡಿದವರು ಒಂದು ಕಡೆ, ಬಟ್ಟಲು ಹಿಡಿದವರು ಇನ್ನೊಂದು ಕಡೆ, ಈ ಕಡೆಯವನು ಆ ಕಡೆಗೆ ದಾಟುವ ದಾರಿ ಅಲ್ಲಿರಲಿಲ್ಲ.

ಈ ದಾರಿಯನ್ನು ತೆರೆಯಲು ಯತ್ನಿಸಿದವರಲ್ಲಿ ಅಮೆರಿಕದ ರಾಬರ್ಟ್ ಎಗರ್ ಎಂಬವರು ಒಬ್ಬರು. ಇವರು ಪಾದ್ರಿಯಲ್ಲ, ಧನಿಕರಲ್ಲ. ವಾಷಿಂಗ್‌ಟನ್ ನಗರದಲ್ಲಿ ನೈಟ್ ಕ್ಲಬ್ಬುಗಳ ಉಸ್ತುವಾರಿ ನೋಡುತ್ತಿದ್ದವರು. ಒಂದು ಸಂಜೆ ಚರ್ಚಿನವರ ಜೊತೆಯಲ್ಲಿ, ಬೀದಿಯಲ್ಲಿ ಮಲಗುವವರಿಗೆ ಗಾಡಿಯಿಂದ ಊಟ ಹಂಚಲು ಹೋದರು. ಹಂಚಿದ ಪದಾರ್ಥವನ್ನು ಅಂಗಡಿಯಲ್ಲಿ ಪೂರ್ತಿ ಬೆಲೆಗೆ ಕೊಂಡು ತಂದಿದ್ದರು. ತಾವು ದುಡಿಯುವ ಕಸುಬಿನಲ್ಲಿಯಾದರೋ ಪ್ರತಿ ರಾತ್ರಿಯೂ ಒಳ್ಳೆಯ ಆಹಾರವನ್ನು ತೊಟ್ಟಿಗೆ ಸುರಿಯುವುದು ಎಗರರಿಗೆ ಗೊತ್ತಿತ್ತು. ಸಾಲಿನಲ್ಲಿ ನಿಂತವರಾದರೂ ನಾಳೆಯೂ ಅದೇ ಮೂಲೆಯಲ್ಲಿ ನಿಲ್ಲತಕ್ಕವರೇ. ಒಂದು ಕಡೆ ವ್ಯರ್ಥವಾಗುತ್ತಿರುವ ಅನ್ನ, ಇನ್ನೊಂದು ಕಡೆ ವ್ಯರ್ಥವಾಗುತ್ತಿರುವ ಮನುಷ್ಯರು. ಇವೆರಡನ್ನೂ ಒಂದೇ ಒಲೆಯ ಬಳಿಗೆ ತಂದರೆ ಹೇಗೆ ಎಂಬ ಯೋಚನೆ ಅವರಿಗೆ ಬಂದಿತು.

1989ನೆಯ ಜನವರಿ 20ರಂದು ಜಾರ್ಜ್ ಬುಷ್ ಹಿರಿಯರು ಅಧ್ಯಕ್ಷಪದವಿಯನ್ನು ಸ್ವೀಕರಿಸಿದರು. ಆ ಉತ್ಸವದ ಔತಣಗಳಲ್ಲಿ ಮಿಕ್ಕ ಆಹಾರವನ್ನು ಶೀತಲ ಪೆಟ್ಟಿಗೆಯ ಲಾರಿಯಲ್ಲಿ ತಂದು ಹಂಚುವುದರೊಂದಿಗೆ 'ಡಿ.ಸಿ. ಸೆಂಟ್ರಲ್ ಕಿಚನ್' ಆರಂಭವಾಯಿತು. ಮುಂದೆ ಅನೇಕ ವರ್ಷಗಳ ಕಾಲ ಅದು ನಿರಾಶ್ರಿತರ ದೊಡ್ಡ ವಸತಿಯೊಂದರ ನೆಲಮಾಳಿಗೆಯಲ್ಲಿ ನಡೆಯಿತು. ಆ ಕಟ್ಟಡವೂ ಸುಲಭವಾಗಿ ದೊರೆತುದಲ್ಲ. ಅದು ನಿರಾಶ್ರಿತರಿಗೆ ಯೋಗ್ಯವಾದ ವಸತಿಯಾಗಲೆಂದು 1984ರಲ್ಲಿ ಮಿಚ್ ಸ್ನೈಡರ್ ಎಂಬ ಕಾರ್ಯಕರ್ತನು 51 ದಿನ ಉಪವಾಸ ಮಾಡಿದ್ದನು. ಒಬ್ಬನ ಉಪವಾಸದಿಂದ ಲಭಿಸಿದ ಮನೆಯಲ್ಲಿ ಸಾವಿರಾರು ಊಟಗಳು ಸಿದ್ಧವಾದುವು.

ಮಿಕ್ಕ ಅನ್ನವೆಂದರೆ ಎಂಜಲಲ್ಲ. ಅಡಿಗೆಮನೆಯಿಂದ ಪಂಕ್ತಿಗೆ ಬಾರದೆ ಉಳಿದುದು. ಅದನ್ನು ಕಾಪಾಡುವುದಕ್ಕೆ ಶಾಸ್ತ್ರವೇ ಇದೆ. ಬೇಯಿಸಿದ ಪದಾರ್ಥವು ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ರೋಗಕ್ರಿಮಿಗಳು ಬೆಳೆಯುತ್ತವೆ. ಆದುದರಿಂದ ತಂದೊಡನೆ ವಿಂಗಡಿಸಿ, ಬೇಗನೆ ತಣಿಸಿಡಬೇಕು. ಬಳಸುವಾಗ ಚೆನ್ನಾಗಿ ಕುದಿಸಬೇಕು. ಇಂದು ಗಜ್ಜರಿಯೇ ರಾಶಿಯಾಗಿ ಬರಬಹುದು, ನಾಳೆ ಮೀನೇ ಬರಬಹುದು. ಬಂದುದರಲ್ಲಿ ಊಟವನ್ನು ಹೊಂದಿಸುವ ಜಾಣ್ಮೆ ಬೇಕು. ಕೊಟ್ಟ ಆಹಾರದಿಂದ ಯಾರಿಗಾದರೂ ಕಾಯಿಲೆಯಾದರೆ ತಮ್ಮ ಮೇಲೆ ವ್ಯಾಜ್ಯ ಬಂದೀತೆಂದು ಹೋಟೆಲಿನವರು ಅಂಜುತ್ತಿದ್ದರು. ಸದ್ಭಾವದಿಂದ ಆಹಾರ ಕೊಟ್ಟವರಿಗೆ ರಕ್ಷಣೆ ನೀಡುವ ಕಾನೂನು 1996ರಲ್ಲಿ ಅಮೆರಿಕದಲ್ಲೆಲ್ಲ ಜಾರಿಗೆ ಬಂದ ಮೇಲೆ ಆ ಅಂಜಿಕೆಗೆ ಕಾರಣವು ಬಹುಮಟ್ಟಿಗೆ ಇಲ್ಲವಾಯಿತು. ಹೀಗೆ ಸಿದ್ಧವಾದ ಊಟವು ನಿರಾಶ್ರಿತರ ವಸತಿ, ವ್ಯಸನಮುಕ್ತಿ ಗೃಹ ಮೊದಲಾದ ಸಂಸ್ಥೆಗಳಿಗೆ ಹೋಗುತ್ತದೆ. ಊಟದ ಖರ್ಚು ಉಳಿದಾಗ ಆ ಸಂಸ್ಥೆಗಳು ಅದೇ ಹಣವನ್ನು ತಮ್ಮ ಮುಖ್ಯ ಕೆಲಸಕ್ಕೆ ಬಳಸಬಹುದಷ್ಟೆ.

ಆದರೆ ಈ ಅಡಿಗೆಮನೆಯ ತಿರುಳು ಬೇರೆಡೆ ಇದೆ. 1990ರಲ್ಲಿಯೇ ಅಲ್ಲಿ ಅಡಿಗೆಯ ಪಾಠಶಾಲೆ ಆರಂಭವಾಯಿತು. ಸೆರೆಮನೆಯಿಂದ ಬಿಡುಗಡೆಯಾದವರು, ಕುಡಿತ ಮಾದಕಗಳಿಂದ ಬಿಡಿಸಿಕೊಂಡವರು, ಮನೆಯಿಲ್ಲದವರು: ಇವರೇ ವಿದ್ಯಾರ್ಥಿಗಳು. ಕೆಲವು ತಿಂಗಳ ಶಿಕ್ಷಣ. ಕತ್ತಿ ಹಿಡಿಯುವ ಕ್ರಮ, ತರಕಾರಿಯನ್ನು ಒಂದೇ ಅಳತೆಗೆ ಹೆಚ್ಚುವುದು, ಸಾರಿನ ಕಟ್ಟು ತೆಗೆಯುವುದು, ಶುಚಿತ್ವದ ಪರೀಕ್ಷೆ, ಕೊನೆಗೆ ನಿಜವಾದ ಹೋಟೆಲಿನಲ್ಲಿ ಅಭ್ಯಾಸ. ಇವುಗಳ ಜೊತೆಗೆ ಹೊತ್ತಿಗೆ ಸರಿಯಾಗಿ ಬರುವುದು, ಕೋಪವನ್ನು ತಡೆಯುವುದು, ಕಳೆದ ಬಾಳನ್ನು ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡುವುದು, ಇವೂ ಪಾಠಗಳೇ.

ಕಸುಬುಗಳು ಎಷ್ಟೋ ಇರುವಾಗ ಅಡಿಗೆಯೇ ಏಕೆ? ಮೊದಲನೆಯದು, ದೊಡ್ಡ ಊರಿನ ಹೋಟೆಲುಗಳಿಗೆ ಕೈಗಳು ಯಾವಾಗಲೂ ಬೇಕು. ಎರಡನೆಯದು, ಅಡಿಗೆಯಲ್ಲಿ ದುಡಿಮೆಯ ಫಲವು ಅಂದೇ ಕಾಣುತ್ತದೆ. ಬೆಳಿಗ್ಗೆ ಹೆಚ್ಚಿದುದು ಮಧ್ಯಾಹ್ನ ಒಬ್ಬರ ತಟ್ಟೆಯಲ್ಲಿರುತ್ತದೆ. ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ಲೋಕವು ಯಾರನ್ನು ಕಂಡು ಬಾಗಿಲು ಹಾಕಿಕೊಂಡಿತೋ ಅವನ ಕೈಗೆ ಹರಿತವಾದ ಕತ್ತಿಯನ್ನು ಕೊಟ್ಟು, 'ನೂರು ಜನರ ಊಟ ನಿನ್ನ ಹೊಣೆ' ಎಂದು ಹೇಳಿದಂತಾಗುತ್ತದೆ. ಅಂತಹ ನಂಬಿಕೆಯೂ ಒಂದು ಬಗೆಯ ಅನ್ನ.

ಶಿಕ್ಷಣ ಪಡೆದವರಲ್ಲಿ ಕೆಲವರು ಅಲ್ಲಿಯೇ ಸಂಬಳದ ಕೆಲಸಗಾರರಾಗಿ ನಿಂತು ಹೊಸಬರಿಗೆ ಕಲಿಸಿದರು. ಹಿಂದೆ ಹೋಟೆಲನ್ನು ನಡೆಸಿದ್ದ ಮೈಕ್ ಕರ್ಟಿನ್ 2004ರಲ್ಲಿ ಆಡಳಿತವನ್ನು ವಹಿಸಿಕೊಂಡರು. 2008ರಿಂದ ಶಾಲಾಮಕ್ಕಳ ಊಟವನ್ನು ಒದಗಿಸುವ ಕೆಲಸವೂ ಸೇರಿತು. ಇದರಿಂದ ಸಂಸ್ಥೆಗೆ ದಾನವಲ್ಲದ ವರಮಾನವೂ, ಕಲಿತವರಿಗೆ ಉದ್ಯೋಗವೂ ದೊರೆತುವು. ಸ್ಪೇಯ್ನಿನಿಂದ ಬಂದು ವಾಷಿಂಗ್‌ಟನ್ನಿನಲ್ಲಿ ಹೆಸರು ಪಡೆದ ಬಾಣಸಿಗ ಹೊಸೆ ಆಂಡ್ರೆಸ್ ತಾರುಣ್ಯದಲ್ಲಿಯೇ ಇಲ್ಲಿ ಸ್ವಯಂಸೇವಕರಾಗಿ ದುಡಿದರು. ಹೈಟಿಯ ಭೂಕಂಪವಾದ 2010ರಲ್ಲಿ 'ವರ್ಲ್ಡ್ ಸೆಂಟ್ರಲ್ ಕಿಚನ್' ಸಂಸ್ಥೆಯನ್ನು ಕಟ್ಟಿದಾಗ ಆ ಹೆಸರಿನಲ್ಲಿಯೇ ಹಳೆಯ ನೆಲಮಾಳಿಗೆಯ ನೆನಪನ್ನು ಉಳಿಸಿಕೊಂಡರು. ನೆಲಮಾಳಿಗೆಯ ಅಡಿಗೆಮನೆಯೂ 2023ರಲ್ಲಿ ನದಿಯ ಬಳಿಯ ಬಜರ್ಡ್ ಪಾಯಿಂಟಿನಲ್ಲಿ ವಿಶಾಲವಾದ ಹೊಸ ಕಟ್ಟಡಕ್ಕೆ ಬಂದಿತು.

ಇದೆಲ್ಲ ಮಂತ್ರದಿಂದ ಆದುದೆಂದು ತಿಳಿಯಬಾರದು. ಸೇರಿದವರೆಲ್ಲರೂ ಕಡೆಯವರೆಗೆ ಉಳಿಯುವುದಿಲ್ಲ. ಅಡಿಗೆಯವನ ಕೂಲಿ ದೊಡ್ಡ ನಗರದ ಮನೆಬಾಡಿಗೆಗೆ ಸಾಲದಿರುವುದುಂಟು. ಎಗರರೇ 2013ರಲ್ಲಿ ಲಾಸ್ ಏಂಜಲೀಸಿನಲ್ಲಿ ಇದೇ ಮಾದರಿಯಲ್ಲಿ ಸ್ಥಾಪಿಸಿದ ಸಂಸ್ಥೆಯು 2018ರಲ್ಲಿ ಮುಚ್ಚಿತು. ಒಲೆಯೊಂದು ಸಮಾಜದ ಅನ್ಯಾಯವನ್ನೆಲ್ಲ ಕರಗಿಸಲಾರದು.

ಆದರೂ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಕಾಯಕ, ದಾಸೋಹ ಎಂಬೆರಡು ಮಾತುಗಳನ್ನು ನಮ್ಮ ಶರಣರು ಜೊತೆಜೊತೆಯಲ್ಲಿಯೇ ಹೇಳಿದರು. ನಾವು ಕಾಲಕ್ರಮದಲ್ಲಿ ಅವನ್ನು ಬೇರ್ಪಡಿಸಿ, ಕಾಯಕವನ್ನು ಉಳ್ಳವರಿಗೂ ದಾಸೋಹದ ಪಂಕ್ತಿಯನ್ನು ಇಲ್ಲದವರಿಗೂ ಹಂಚಿಬಿಟ್ಟೆವೇನೋ. ಎಷ್ಟು ಜನರಿಗೆ ಬಡಿಸಿದೆವೆಂದು ಲೆಕ್ಕವಿಡುವುದು ಒಳ್ಳೆಯದೇ. ಅದರ ಪಕ್ಕದಲ್ಲಿಯೇ ಇನ್ನೊಂದು ಲೆಕ್ಕವನ್ನೂ ಬರೆಯೋಣ: ಪಂಕ್ತಿಯಿಂದ ಎದ್ದು, ಕೈತೊಳೆದು, ಒಲೆಯ ಬಳಿಗೆ ಬಂದು ಸೌಟು ಹಿಡಿದವರು ಎಷ್ಟು ಜನ?