ಮೈಸೂರು ಜಾವಾದ ಕಿಡಿ

ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಮೋಟಾರ್‌ಸೈಕಲ್ ತಯಾರಿಸಲು ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಯಚಾಮರಾಜ ಒಡೆಯರ್ ಅವರಿಂದ ಉದ್ಘಾಟನೆಗೊಂಡು, ಎಪ್ಪತ್ತರ ದಶಕದಲ್ಲಿ ತನ್ನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂದರೂ ಅಲ್ಲಿ ತಯಾರಾದ ಗಾಡಿಗಳು ಮರೆಯಾಗಿಲ್ಲ. ಭಾನುವಾರದ ಬೆಳಗಿನಲ್ಲಿ ಬೆಂಗಳೂರಿನ ಹೆಬ್ಬಾಳ, ಯಲಹಂಕ ಅಥವಾ ಬಾಗಲೂರಿನ ರಸ್ತೆ ಹಿಡಿದು ನಂದಿಬೆಟ್ಟದ ಕಡೆಗೆ ಹೊರಡುವವರ ನಡುವೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಈ ಟೂ ಸ್ಟ್ರೋಕ್ ಗಾಡಿಯ ದನಿಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಆದರೆ ತಿಂಗಳುಗಟ್ಟಲೆ ನಿಂತ ಹಳೆಯ ಜಾವಾ ಹತ್ತಾರು ಕಿಕ್ ಹೊಡೆದರೂ ಎಚ್ಚರಗೊಳ್ಳದಿದ್ದಾಗ, ಕಾಯಿಲ್, ಕಂಡೆನ್ಸರ್, ಪ್ಲಗ್ ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಕೊಂಡು ತಂದು ಜೋಡಿಸುವ ಅಭ್ಯಾಸ ವ್ಯಾಪಕವಾಗಿದ್ದು, ದೋಷ ಎಲ್ಲಿತ್ತೆಂಬುದು ಅದರಿಂದ ಎಂದೂ ತಿಳಿಯುವುದಿಲ್ಲ, ಎಷ್ಟೋ ಬಾರಿ ಸುಸ್ಥಿತಿಯಲ್ಲಿದ್ದ ಮೂಲ ಭಾಗವೇ ಗುಜರಿಗೆ ಹೋಗುತ್ತದೆ.

ಕಿಡಿ ಹುಟ್ಟುವ ಬಗೆಯನ್ನು ಅರಿತರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ. 6 ವೋಲ್ಟ್ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಇಗ್ನಿಷನ್ ಸ್ವಿಚ್ಚನ್ನು ದಾಟಿ, ದಪ್ಪ ಮತ್ತು ತೆಳು ತಂತಿಗಳ ಎರಡು ಸುರುಳಿಗಳನ್ನು ಒಳಗೊಂಡ ಕಾಯಿಲ್‌ನ ದಪ್ಪ ಸುರುಳಿಯಲ್ಲಿ ಹರಿದು, ಗ್ಯಾರೇಜಿನವರು ಸಿ.ಬಿ. ಪಾಯಿಂಟ್ ಎಂದು ಕರೆಯುವ ಪುಟ್ಟ ಸ್ವಿಚ್ಚಿನ ಮೂಲಕ ಅರ್ತ್ ಸೇರುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗ ಒಮ್ಮೆ ಕ್ಯಾಮ್ ಈ ಪಾಯಿಂಟನ್ನು ತೆರೆಯುತ್ತದೆ. ಆ ಕ್ಷಣದಲ್ಲಿ ಹರಿವು ಕಡಿದು, ಸುರುಳಿಯ ಸುತ್ತ ಕಟ್ಟಿಕೊಂಡಿದ್ದ ಕಾಂತಕ್ಷೇತ್ರ ಕುಸಿದು, ತೆಳು ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಬಾರಿ ಈ ಇಡೀ ಪ್ರಸಂಗ ನಡೆಯಬೇಕು. ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳ ಹಳೆಯ ಮಾದರಿಗಳಲ್ಲಿಯೂ ಪಾಯಿಂಟ್, ಕಂಡೆನ್ಸರ್, ಕಾಯಿಲ್‌ಗಳ ಇದೇ ಕೂಟವಿರುತ್ತದೆ. ಅಲ್ಲಿ ಬ್ಯಾಟರಿಯ ಬದಲು ಫ್ಲೈವೀಲಿನ ಒಳಗಿನ ಅಯಸ್ಕಾಂತವೇ ವಿದ್ಯುತ್ತನ್ನು ಒದಗಿಸುತ್ತದೆ, ಆ ವ್ಯವಸ್ಥೆಗೆ ಮ್ಯಾಗ್ನೆಟೊ ಎಂದು ಹೆಸರು.

ಪರೀಕ್ಷೆ ಪ್ಲಗ್ಗಿನಿಂದ ಆರಂಭವಾಗುವುದು ಸರಿಯಾದ ಕ್ರಮ, ಏಕೆಂದರೆ ಒಳಗಿನ ಸ್ಥಿತಿಯ ಸುಳಿವು ಮೊದಲು ದೊರೆಯುವುದು ಅಲ್ಲೇ. ಕಿಕ್ ಹೊಡೆದ ಮೇಲೆ ಬಿಚ್ಚಿದ ಪ್ಲಗ್ಗು ಒಣಗಿದ್ದರೆ ಪೆಟ್ರೋಲ್ ಒಳಗೆ ಬಂದಿಲ್ಲವೆಂದು ತಿಳಿದು ಕಾರ್ಬ್ಯುರೇಟರಿನತ್ತ ತಿರುಗಬೇಕು. ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ ಪಡಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನೊಡನೆಯೇ ಉರಿಯುವುದರಿಂದ, ಅದರ ಪ್ರಮಾಣ ಹೆಚ್ಚಾದರೆ ಪ್ಲಗ್ಗಿನ ಮೇಲೆ ಜಿಡ್ಡಿನ ಮಸಿ ಕಟ್ಟಿ ವಿದ್ಯುತ್ತು ಕಿಡಿಯಾಗದೆ ಮಸಿಯ ಮೂಲಕವೇ ಸೋರಿಹೋಗುತ್ತದೆ. ಸ್ವಚ್ಛಗೊಳಿಸಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ರಂಧ್ರದಿಂದ ಚಿಮ್ಮುವ ಪೆಟ್ರೋಲಿನ ಆವಿಗೆ ಕಿಡಿ ತಾಗದಷ್ಟು ದೂರದಲ್ಲಿ ಅದರ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿಟ್ಟು ಕಿಕ್ ಹೊಡೆದಾಗ, ಚಟ್ಟೆನ್ನುವ ನೀಲಿ ಕಿಡಿ ಕಾಣಬೇಕು. ಆದರೆ ಈ ಪರೀಕ್ಷೆಯನ್ನೇ ಪೂರ್ತಿ ನಂಬುವಂತಿಲ್ಲ. ತೆರೆದ ಗಾಳಿಯಲ್ಲಿ ಸುಲಭವಾಗಿ ಹಾರುವ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರಲಾರದೆ ಹೋಗಬಹುದು. ಆದ್ದರಿಂದ ಅನುಭವಿ ಮೆಕ್ಯಾನಿಕ್‌ಗಳು ಕಿಡಿಯನ್ನು 5 ಮಿ.ಮೀ.ಗಳಷ್ಟು ಅಂತರ ದಾಟಿಸಿ ನೋಡುತ್ತಾರೆ.

ಕಿಡಿ ಕೆಂಪಾಗಿ ಸೊರಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ, ಬ್ಯಾಟರಿಯಲ್ಲಿ ಶಕ್ತಿಯಿದೆಯೆಂದು ಖಚಿತಪಡಿಸಿಕೊಂಡು ಪಾಯಿಂಟಿನತ್ತ ಹೋಗಬೇಕು. ಬಹುಕಾಲ ನಿಂತ ಗಾಡಿಯಲ್ಲಿ ಪಾಯಿಂಟಿನ ಮುಖಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟಿರುತ್ತದೆ. 6 ವೋಲ್ಟಿನ ಕ್ಷೀಣ ಒತ್ತಡಕ್ಕೆ ಅದನ್ನು ಭೇದಿಸುವ ಶಕ್ತಿಯಿಲ್ಲ. ನುಣುಪಾದ ಅರದಿಂದ ಎರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಜಾವಾಗಳು ಅಲ್ಲಿಗೇ ಚಾಲೂ ಆಗುತ್ತವೆ. ಆ ಬಳಿಕ ಪಾಯಿಂಟು ಪೂರ್ತಿ ತೆರೆದಾಗಿನ ಅಂತರವನ್ನು ಫೀಲರ್ ಗೇಜ್ ಎಂಬ ಅಳತೆಯ ತಗಡಿನಿಂದ 0.4 ಮಿ.ಮೀ.ಗೆ ಹೊಂದಿಸಬೇಕು. ವಿಸಿಟಿಂಗ್ ಕಾರ್ಡನ್ನು ತೂರಿಸಿ ಅಳೆಯುವ ರೂಢಿ ದಾರಿಯ ಮಧ್ಯೆ ಕೈಕೊಟ್ಟ ಗಾಡಿಗೆ ಸರಿಯೇ ಹೊರತು, ಒಂದೊಂದು ಕಾರ್ಡಿನ ದಪ್ಪ ಒಂದೊಂದಾಗಿರುವಾಗ ಮನೆಯಲ್ಲಿ ಸಾವಕಾಶವಾಗಿ ಮಾಡುವ ಕೆಲಸಕ್ಕೆ ಅದು ತಕ್ಕುದಲ್ಲ.

ಪಾಯಿಂಟಿಗೆ ಸಮಾನಾಂತರವಾಗಿ ಜೋಡಿಸಿದ ಕಂಡೆನ್ಸರ್, ಪಾಯಿಂಟು ತೆರೆಯುವ ಕ್ಷಣದಲ್ಲಿ ನುಗ್ಗಿ ಬರುವ ವಿದ್ಯುತ್ತನ್ನು ಹೀರಿಕೊಂಡು ಹರಿವನ್ನು ಥಟ್ಟನೆ ಕಡಿಯುತ್ತದೆ. ಅದರ ಒಳಗಿನ ಸಂಪರ್ಕ ತುಂಡಾದರೆ ಪಾಯಿಂಟಿನ ಮುಖದಲ್ಲೇ ಎದ್ದುಕಾಣುವ ಕಿಡಿ ಹಾರಿ ಪ್ಲಗ್ಗಿನ ಕಿಡಿ ಸೊರಗುತ್ತದೆ. ಅದು ಒಳಗೇ ಶಾರ್ಟ್ ಆದರೆ ಕಿಡಿ ಸಂಪೂರ್ಣ ನಿಲ್ಲುತ್ತದೆ. ಇವೆರಡಕ್ಕಿಂತ ಹೆಚ್ಚು ಕಾಡುವುದು ಬಿಸಿಯಾದಾಗ ಮಾತ್ರ ತಲೆದೋರುವ ದೋಷ: ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಚಾಲೂ ಆದ ಗಾಡಿ ಬಾಗಲೂರಿನಿಂದ ಹೊರಟು ಹೆಬ್ಬಾಳ ತಲುಪುವಷ್ಟರಲ್ಲಿ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಕಾಯಿಲ್ ಅಥವಾ ಕಂಡೆನ್ಸರಿನೊಳಗಿನ ನಿರೋಧಕ ಪದರ ಬಿಸಿಗೆ ಸೋಲುವುದು ಇದಕ್ಕೆ ಸಾಮಾನ್ಯ ಕಾರಣವಾದ್ದರಿಂದ, ಗಾಡಿ ನಿಂತ ಕೂಡಲೇ, ಅದು ಬಿಸಿಯಾಗಿರುವಾಗಲೇ ಕಿಡಿಯನ್ನು ಪರೀಕ್ಷಿಸಬೇಕು. ತಣಿದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ದೋಷ ಸಿಕ್ಕುವುದಿಲ್ಲ.

ಅಂತರ ಸರಿಹೋದ ಮೇಲೆಯೇ ಟೈಮಿಂಗ್ ನೋಡಬೇಕು, ಅಂತರ ಬದಲಾದರೆ ಪಾಯಿಂಟು ತೆರೆಯುವ ಕ್ಷಣವೂ ಬದಲಾಗುತ್ತದೆ. ಪಿಸ್ಟನ್ ಮೇಲ್ತುದಿ ತಲುಪಲು ಸುಮಾರು 3 ಮಿ.ಮೀ. ಬಾಕಿಯಿರುವಾಗ ಕಿಡಿ ಹಾರಬೇಕಾಗಿದ್ದು, ಮಾದರಿಗೆ ತಕ್ಕ ಖಚಿತ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಪಾಯಿಂಟಿನ ತಂತಿಗೂ ಅರ್ತ್‌ಗೂ ನಡುವೆ ಸಣ್ಣ ಬಲ್ಬೊಂದನ್ನು ಜೋಡಿಸಿ, ಸ್ವಿಚ್ ಹಾಕಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಪಾಯಿಂಟು ತೆರೆದ ಕ್ಷಣಕ್ಕೇ ಬಲ್ಬ್ ಬೆಳಗುತ್ತದೆ. ಇಷ್ಟಾದರೂ ಅಂತರ ಒಂದೆಡೆ ನಿಲ್ಲದೆ ವಾರದೊಳಗೆ ತಪ್ಪುತ್ತಿದ್ದರೆ ವಿದ್ಯುತ್ ಭಾಗಗಳನ್ನು ದೂರುವುದು ನ್ಯಾಯವಲ್ಲ. ಈ ಗಾಡಿಯಲ್ಲಿ ಡೈನಮೊದ ತಿರುಗುವ ಭಾಗವೂ ಪಾಯಿಂಟಿನ ಕ್ಯಾಮ್ ಕೂಡ ಕ್ರ್ಯಾಂಕಿನ ತುದಿಗೇ ನೇರವಾಗಿ ಕೂತಿರುವುದರಿಂದ, ಕ್ರ್ಯಾಂಕಿನ ಬೇರಿಂಗ್ ಸವೆದರೆ ಕ್ಯಾಮ್ ಕೂಡ ಅದರೊಡನೆ ಓಲಾಡಿ ಪಾಯಿಂಟಿನ ಅಂತರ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ಕವರ್ ತೆಗೆದು, ಕ್ರ್ಯಾಂಕಿನ ತುದಿಯನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಆಟ ಕೈಗೆ ತಿಳಿದರೆ, ಮುಂದಿನದು ಎಂಜಿನ್ ಬಿಚ್ಚಿ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಬದಲಿಸುವ ಕೆಲಸ.