ಹಳೆಯ ಕಾರಿನ ವಿದ್ಯುತ್ ಸಾಮಾನು: ಕಾರಿನ ಹೆಸರು ಹೇಳಬೇಡಿ, ನಂಬರು ಹೇಳಿ

ಹೊಳಲ್ಕೆರೆ, ಹೊಸದುರ್ಗದ ಕಡೆಯ ತೋಟಗಳಿಗೆ ಹೋದಾಗ ತಂದೆಯವರ ಕಾಲದ ಕಾರೊಂದು ಅಡಿಕೆ ಒಣಗಿಸುವ ಕಣದ ಅಂಚಿನಲ್ಲಿ ತಗಡಿನ ಕೆಳಗೆ ನಿಂತಿರುವುದನ್ನು ನೋಡುವುದುಂಟು. ಹೆಚ್ಚಿನವು ಅಂಬಾಸಿಡರ್, ಎಲ್ಲೋ ಒಂದು ಮಾರಿಸ್ ಮೈನರ್. ಕೇಳಿದರೆ, "ಇಂಜಿನ್ ಚೆನ್ನಾಗಿದೆ, ಡೈನಮೋ ಸಿಗಲಿಲ್ಲ, ನಿಲ್ಲಿಸಿದೆವು" ಎಂಬ ಉತ್ತರ. ಹೀಗೆ ನಿಂತ ಕಾರನ್ನು ಇಲಿ, ತುಕ್ಕುಗಳು ಹಂಚಿಕೊಂಡು ತಿನ್ನುತ್ತವೆ. ಕೊನೆಗೆ ಗುಜರಿಯವನ ತಕ್ಕಡಿ. ಆದಕಾರಣ ಈ ವಿಷಯದಲ್ಲಿ ತಿಳಿದಷ್ಟನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ನಮ್ಮ ಅಂಬಾಸಿಡರ್. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಹಳೆಯ ಗಾಡಿಗಳ ಡೈನಮೋ, ಕಟೌಟ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಇವೆಲ್ಲ ಲೂಕಾಸ್ ಪದ್ಧತಿಯವು. ಮದರಾಸಿನ ಲೂಕಾಸ್-ಟಿವಿಎಸ್ 1961ರಲ್ಲಿ ಸ್ಥಾಪನೆಯಾದದ್ದು ಇಂತಹ ಸಾಮಾನನ್ನು ನಮ್ಮಲ್ಲೇ ತಯಾರಿಸಲು. ಇದೇ ಜಾತಿಯ ಡೈನಮೋಗಳು ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಇದ್ದವು. ಅಂಗಡಿಗೆ ಹೋಗಿ "1962ರ ಅಂಬಾಸಿಡರ್ ಡೈನಮೋ ಇದೆಯೇ" ಎಂದು ಕೇಳಿದರೆ "ಆ ಮಾಲು ನಿಂತು ಎಷ್ಟು ವರ್ಷವಾಯಿತು ಯಜಮಾನ್ರೇ" ಎಂದು ಕೈಯಾಡಿಸುತ್ತಾರೆ. ಅದೇ ವಸ್ತು ಟ್ರಾಕ್ಟರಿನ ಹೆಸರಿನಲ್ಲಿ ಹಿಂದಿನ ಅಟ್ಟದ ಮೇಲೆ ಕುಳಿತಿರಬಹುದು!

ಆದ್ದರಿಂದ ಮೊದಲು ಹಳೆಯ ಭಾಗವನ್ನು ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ನೋಡಿ. ಲೂಕಾಸ್ ಸಾಮಾನಿನ ಮೈಮೇಲೆ ಮಾದರಿ, ನಂಬರು, ವೋಲ್ಟು, ತಯಾರಾದ ಕಾಲ ಒತ್ತಿರುತ್ತದೆ. ಸಿ-39, ಸಿ-40 ಎಂಬುವು ಡೈನಮೋ ಮಾದರಿಗಳು. ಆರ್‌ಬಿ-106 ಎಂದರೆ ಕಟೌಟ್ ಪೆಟ್ಟಿಗೆ. ಈ ನಂಬರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಬ್ರಿಟನ್ನಿನಲ್ಲಿ ಹಳೆಯ ಕಾರಿನವರಿಗಾಗಿ ಇಂದಿಗೂ ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ. ನಂಬರು ಒಂದೇ ಎಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಕೆಲವು ಟ್ರಾಕ್ಟರ್ ಡೈನಮೋಗಳ ಹಿಂಭಾಗದಲ್ಲಿ ಮೀಟರಿಗೆ ಬೇರೆ ಜೋಡಣೆ ಇರುತ್ತದೆ, ಪುಲ್ಲಿಯೂ ಬೇರೆ. ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುವುದು ಲೇಸು.

ಎಷ್ಟೋ ಸಲ ಕೊಳ್ಳುವ ಅಗತ್ಯವೇ ಬೀಳದು. ಡೈನಮೋ ಸತ್ತಿತೆಂದರೆ ಬಹುಮಟ್ಟಿಗೆ ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲ್ಲವೇ ಆರ್ಮೇಚರ್ ಸುಟ್ಟಿರುತ್ತದೆ. ನಮ್ಮದು ಬೋರ್‌ವೆಲ್ ಜಿಲ್ಲೆ. ಚಿತ್ರದುರ್ಗ, ಹಿರಿಯೂರುಗಳಲ್ಲಿ ಪಂಪಿನ ಮೋಟಾರು ರಿವೈಂಡ್ ಮಾಡುವ ಕೈಗಳಿಗೆ ಬರವಿಲ್ಲ. ಆರ್ಮೇಚರಿನ ಕೆಲಸ ಅದಕ್ಕಿಂತ ನಾಜೂಕಿನದು, ಆದರೆ ಹಳೆಯ ಸುತ್ತನ್ನು ಎಣಿಸಿ ಅದೇ ಗೇಜಿನ ತಂತಿ ಹಾಕುವ ತಾಳ್ಮೆಯವನು ಸಿಕ್ಕರೆ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯೇ ಬಾಡಿಗೆ ಸೇರಿರುತ್ತದೆ, ಇಂದಿನದಕ್ಕೆ ತಿರುಗುಮುರುಗು. ಇದನ್ನು ನೋಡದೆ ಈಗಿನ ಆಲ್ಟರ್ನೇಟರ್ ತಂದು ಕೂರಿಸಿದರೆ ಅದರ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ರಿವೈಂಡ್ ಆದ ಡೈನಮೋಗೂ ಕಾರಿನ ದಿಕ್ಕನ್ನು ಕಲಿಸಬೇಕು. ಡಿ, ಎಫ್ ಎರಡೂ ತಂತಿ ಬಿಡಿಸಿ, ಬ್ಯಾಟರಿಯ ಬಾಡಿಗೆ ಸೇರದ ತುದಿಯಿಂದ ತಂತಿ ತಂದು ಸಣ್ಣ ತುದಿಯಾದ ಎಫ್‌ಗೆ ಎರಡು ಮೂರು ಸಲ ಮುಟ್ಟಿಸಿ ತೆಗೆದರೆ ಸಾಕು. ಇಂಜಿನ್ ನಿಧಾನವಾಗಿ ಓಡುವಾಗ ಕೆಂಪು ದೀಪ ಉರಿಯುವುದು ಡೈನಮೋ ಗಾಡಿಯ ಸ್ವಭಾವ. ಅದನ್ನು ಕಂಡು ಹೊಸದಕ್ಕೆ ದುಡ್ಡು ಸುರಿಯಬೇಡಿ.

ತಂತಿಗಳ ಮಾತು. ಹಳೆಯ ಲೂಕಾಸ್ ವೈರಿಂಗಿನಲ್ಲಿ ಕಂದು ಬ್ಯಾಟರಿಯದು, ಬಿಳಿ ಇಗ್ನಿಷನ್, ನೀಲಿ ಹೆಡ್‌ಲೈಟ್, ಕಪ್ಪು ಅರ್ಥ್. ಹೊಸ ತಂತಿ ಎಳೆಸುವಾಗ ಇದೇ ಬಣ್ಣ ಹಾಕಿಸಿ. ಮೆಕ್ಯಾನಿಕ್ ಎಲ್ಲಕ್ಕೂ ಕೆಂಪು ತಂತಿಯನ್ನೇ ಎಳೆದುಹೋದರೆ ಮುಂದಿನವನಿಗೆ ಅದು ಶೋಧನೆಯ ಕೆಲಸ.

ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರುಗಳಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂ. ಹಾಗೆ ನೋಂದಾಯಿಸಿದ ಕಾರನ್ನು ದಿನವೂ ತೋಟಕ್ಕೆ ಓಡಿಸುವಂತಿಲ್ಲ ಎಂಬುದು ನೆನಪಿರಲಿ.

ಹಳೆಯ ಡೈನಮೋ, ಕಟೌಟ್, ಡಿಸ್ಟ್ರಿಬ್ಯೂಟರ್ ಅಟ್ಟದ ಮೇಲಿಟ್ಟಿರುವ ಸದಸ್ಯರು ಅದರ ನಂಬರನ್ನು ಸಂಘದ ಕಛೇರಿಯಲ್ಲಿ ಬರೆಸಬೇಕಾಗಿ ವಿನಂತಿ. ಬೇಕಾದವರೂ ಬರೆಸಲಿ. ಅದಕ್ಕಾಗಿ ಒಂದು ಪುಸ್ತಕ ತೆರೆದಿಟ್ಟಿದ್ದೇನೆ.