ಮಕ್ಕಳ ಥೆರಪಿಗೆ ಪಾರ್ಕ್ ಯಾಕೆ ಬೇಕು?

"ಮಕ್ಕಳಿಗೆ ಎಂಥ ಆಕ್ಯುಪೇಷನ್ ಮೇಡಂ?" ಆಕ್ಯುಪೇಷನಲ್ ಥೆರಪಿಸ್ಟ್ ಅಂತ ಹೇಳಿಕೊಂಡಾಗೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಅಂಗಿ ಗುಂಡಿ ಹಾಕಿಕೊಳ್ಳೋದು, ತಾನೇ ಕಲಸಿ ತಿನ್ನೋದು, ಪೆನ್ಸಿಲ್ ಹಿಡಿಯೋದು, ಎಲ್ಲಕ್ಕಿಂತ ಮುಖ್ಯವಾಗಿ ಆಡೋದು. ಮಗುವಿನ ಕಸುಬು ಇವೇ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಇವು ಕಷ್ಟವಾದಾಗ ನಮ್ಮ ಕೆಲಸ ಶುರು.

ಬೆಂಗಳೂರಿನಲ್ಲಿ ಈ ಥೆರಪಿ ಹೆಚ್ಚಾಗಿ ನಡೆಯೋದು ಬಾಡಿಗೆ ಕಟ್ಟಡದ ಕೋಣೆಯಲ್ಲಿ. ಚಾವಣಿಗೆ ನೇತುಹಾಕಿದ ಉಯ್ಯಾಲೆ, ಪ್ಲಾಸ್ಟಿಕ್ ಬಾಲುಗಳ ತೊಟ್ಟಿ, ಫೋಮ್ ಮ್ಯಾಟು. ಇದರ ಹಿಂದಿರೋದು ಅಮೆರಿಕದ ಜೀನ್ ಏರ್ಸ್ 1972ರಲ್ಲಿ ಪುಸ್ತಕವಾಗಿ ವಿವರಿಸಿದ ಸಿದ್ಧಾಂತ: ಕಿವಿಯೊಳಗಿನ ಸಮತೋಲನ, ಸ್ನಾಯು ಮತ್ತು ಕೀಲುಗಳ ಸುಳಿವು, ಸ್ಪರ್ಶ, ಇವನ್ನು ಮಿದುಳು ಹೊಂದಿಸಿಕೊಳ್ಳುವ ರೀತಿಗೂ ಮಗುವಿನ ಕಲಿಕೆಗೂ ನಂಟಿದೆ.

ಪಾರ್ಕಿನಲ್ಲಿ ಇದೆಲ್ಲ ಪುಕ್ಕಟೆ ಸಿಗುತ್ತೆ. ಉಬ್ಬುತಗ್ಗಿನ ನೆಲದಲ್ಲಿ ಪಾದ ಹೆಜ್ಜೆಹೆಜ್ಜೆಗೂ ಹೊಸ ಲೆಕ್ಕ ಹಾಕಬೇಕು. ನೀರಿನ ಬಕೆಟ್ ಹೊತ್ತು ಗಿಡದ ತನಕ ನಡೆದರೆ ಭುಜಕ್ಕೆ ಕೆಲಸ. ಒದ್ದೆ ಮಣ್ಣಿನ ಉಂಡೆ ಕಟ್ಟಿದರೆ ಪೆನ್ಸಿಲ್ ಹಿಡಿಯುವ ಅದೇ ಬೆರಳುಗಳಿಗೆ ಕಸರತ್ತು. ಮಣ್ಣು ಮುಟ್ಟೋಕೇ ಆಗದ ಮಗುವಿಗೆ ಮೊದಲು ಕೈಗೊಂದು ಕಡ್ಡಿ ಕೊಡ್ತೀವಿ, ಆಮೇಲೆ ಒಣ ಎಲೆ. ಮಣ್ಣಿನ ಸರದಿ ಎಷ್ಟೋ ವಾರದ ಮೇಲೆ.

ಗುಂಪಿನ ಲಾಭವೇ ಬೇರೆ. ಕೋಣೆಯಲ್ಲಿ ಉಯ್ಯಾಲೆ ಯಾವಾಗಲೂ ಖಾಲಿ; ಇಲ್ಲಿ ಐದು ಮಕ್ಕಳಿಗೆ ಒಂದೇ. ಕಾಯಬೇಕು, "ಈಗ ನಂದು" ಅನ್ನಬೇಕು, ಮಾತು ಬಾರದಿದ್ದರೆ ಚಿತ್ರದ ಕಾರ್ಡ್ ತೋರಿಸಬೇಕು. ನಾನು ಹತ್ತು ಸಲ ಹೇಳಿದರೂ ತಲೆ ಎತ್ತದ ಮಗು ಪಕ್ಕದವನನ್ನು ನೋಡಿ ತಾನೂ ಹತ್ತುತ್ತೆ. ಅತ್ತ ಬೆಂಚಿನಲ್ಲಿ ಅಮ್ಮಂದಿರು ಯುಡಿಐಡಿ ಕಾರ್ಡ್ ಮಾಡಿಸೋದು ಹೇಗೆ ಅಂತ ಒಬ್ಬರಿಗೊಬ್ಬರು ಹೇಳಿಕೊಡ್ತಿರ್ತಾರೆ. (ಅದೂ ಥೆರಪಿನೇ.)

ಪವಾಡವೇನಲ್ಲ. ಸದ್ದಿಗೆ ಬೆದರುವ, ದಿಢೀರನೆ ಓಡಿಬಿಡುವ ಮಗುವಿಗೆ ಶುರುವಿನಲ್ಲಿ ಕೋಣೆಯೇ ವಾಸಿ. ಒಳಗಾಗಲಿ ಹೊರಗಾಗಲಿ, ಆಟಿಸಂ "ಗುಣ" ಮಾಡ್ತೀವಿ ಅನ್ನೋರನ್ನ ಮಾತ್ರ ನಂಬಬೇಡಿ.

ಇನ್ನು ಜಾಗದ ಪ್ರಶ್ನೆ. ಮನರಂಜನೆಯಲ್ಲಿ ಎಲ್ಲರಿಗೆ ಸಮಾನವಾಗಿ ಭಾಗವಹಿಸೋದು ಅಂಗವಿಕಲರ ಹಕ್ಕು ಅಂತ 2016ರ ಕಾಯ್ದೆ ಹೇಳುತ್ತೆ. ಇದಕ್ಕೂ ಎಷ್ಟೋ ಮೊದಲೇ 'ಕಿಲಿಕಿಲಿ' ಸಂಸ್ಥೆಯ ಪೋಷಕರು ಪಾಲಿಕೆ ಜೊತೆ ಸೇರಿ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಆಡಬಹುದಾದ ಜಾಗ ಮಾಡಿಸಿದ್ದರು. ಅಂಥವು ಬೆರಳೆಣಿಕೆಯಷ್ಟೇ. ಒಂದು ಬಡಾವಣೆಯ ಪಾರ್ಕಿನಲ್ಲಿ ನಮ್ಮ ಗುಂಪಿಗೆ ಅನುಮತಿ ಪತ್ರ ತನ್ನಿ ಅಂದರು. ಬೆಳಗಿನ ನಗೆಕೂಟಕ್ಕೆ, ಯೋಗದವರಿಗೆ ಅಲ್ಲಿ ಯಾವ ಪತ್ರವೂ ಬೇಡ! ತಿರುಗುಗೇಟಿನಲ್ಲಿ ಗಾಲಿಕುರ್ಚಿಯಂತೂ ತೂರೋದೇ ಇಲ್ಲ.

ಮುಂದಿನ ಸಲ ನಿಮ್ಮ ವಾರ್ಡಿನ ಸಭೆಗೆ ಹೋದರೆ ಇಷ್ಟು ಕೇಳಿ: ಗಾಲಿಕುರ್ಚಿ ಹೋಗುವಷ್ಟು ಅಗಲದ ಗೇಟು, ಒಂದು ಮರಳಿನ ಗುಂಡಿ, ಸಂಜೆ ಈ ಮಕ್ಕಳಿಗೆ ಯಾರೂ ಪತ್ರ ಕೇಳದ ಒಂದು ಗಂಟೆ.